ಹಡಗಿನ ತಂಗಿ

ನಮ್ಮ ಮಾವ ಅಜ್ಜಪ್ಪನವರು ಆಗುವುದಿಲ್ಲ ಎಂದರೆ ಅದು ಆಗುತ್ತಿರಲಿಲ್ಲ. ಹರಿಹರದ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟುಕೊಂಡು ಒಂದೇ ಮಾತಿನ ಮೇಲೆ ವ್ಯಾಪಾರ ಮಾಡಿದವರು ಅವರು. ಗಿರಾಕಿ ಚೌಕಾಸಿಗೆ ಇಳಿದರೆ ಬೆಲ್ಲದ ಅಚ್ಚುಗಳ ಮೇಲೆ ಗೋಣಿತಾಟು ಎಳೆದು ಮುಚ್ಚಿಬಿಡುತ್ತಿದ್ದರು. ಮನೆಯಲ್ಲೂ ಅದೇ ರೀತಿ. ದಾವಣಗೆರೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಹೆದರುತ್ತಿದ್ದೆ. ಅತ್ತೆ ತೀರಿಕೊಂಡು ಬೀಗದ ಕೈ ನನ್ನ ಸೊಂಟಕ್ಕೆ ಬಂದ ಮೇಲೆ ಹೆದರುವುದು ಬಿಟ್ಟೆ. ಹೆದರಿಕೊಂಡು ಕೂತರೆ ಸಂಸಾರ ನಡೆಯಬೇಕಲ್ಲ.

ಊರವರು ಅವರನ್ನು ಹಡಗಿನ ಅಜ್ಜಪ್ಪ ಎನ್ನುತ್ತಿದ್ದರು, ಎದುರಿಗಲ್ಲ. ಹದಿನೆಂಟರ ಹುಡುಗನಾಗಿದ್ದಾಗ ಅಣ್ಣನೊಂದಿಗೆ ಜಗಳವಾಡಿ ಬಳ್ಳಾರಿಗೆ ಓಡಿಹೋಗಿದ್ದರಂತೆ. ಅಲ್ಲಿ ಕೂಲಿಗೆ ಜನ ಹಿಡಿಯುವವನೊಬ್ಬ, ಸಕ್ಕರೆ ಜರಡಿ ಹಿಡಿಯುವ ಕೆಲಸ ಎಂದು ಪುಸಲಾಯಿಸಿ ಮದರಾಸಿನಲ್ಲಿ ಹಡಗು ಹತ್ತಿಸಿದ. ವಾರಗಟ್ಟಲೆ ನೀರಿನ ಮೇಲೆ ತೇಲಿ ಇಳಿದದ್ದು ಟ್ರಿನಿಡಾಡ್ ಎಂಬ ದ್ವೀಪದಲ್ಲಿ. ಜರಡಿ ಎಲ್ಲಿಂದ ಬರಬೇಕು, ಕೈಗೆ ಕೊಟ್ಟದ್ದು ಕಬ್ಬು ಕಡಿಯುವ ಕತ್ತಿ. ಐದು ವರ್ಷದ ಕರಾರು ಮುಗಿದ ಮೇಲೂ ಹತ್ತು ವರ್ಷ ಅಲ್ಲೇ ಇದ್ದು, ಕೊನೆಗೆ ಕಲ್ಕತ್ತೆಗೆ ಬರುವ ಹಡಗು ಹತ್ತಿ ಊರು ಸೇರಿದರು.

ಅಲ್ಲಿಂದ ಅವರು ತಂದದ್ದು ಬೆನ್ನುನೋವು, ಬಾಯಲ್ಲಿ ಒಂದಿಷ್ಟು ಬಿಹಾರದ ಮಾತು, ಬೇಯಿಸಿದ ಬೇಳೆಯ ಪುಡಿ ತುಂಬಿ ರೊಟ್ಟಿ ಲಟ್ಟಿಸುವ ವಿದ್ಯೆ. ಆ ರೊಟ್ಟಿ ತಿಂದರೆ ನಮಗೆ ಹೋಳಿಗೆಗೆ ಬೆಲ್ಲ ಹಾಕುವುದು ಮರೆತಂತೆ ಅನ್ನಿಸುತ್ತಿತ್ತು, ಅದೂ ಬೆಲ್ಲದ ವ್ಯಾಪಾರಿಯ ಮನೆಯಲ್ಲಿ. ಮೊಹರಂ ಬಂದರೆ ಅಂಗಡಿ ಮುಂದೆ ಪಾನಕದ ಹಂಡೆ ಇಡುತ್ತಿದ್ದರು. ಅಲ್ಲಿ ಯಾವ ಜಾತಿ ಎನ್ನದೆ ಕೂಲಿಗಳೆಲ್ಲ ತಾಬೂತಿಗೆ ಹೆಗಲು ಕೊಟ್ಟು ಸಮುದ್ರದ ತನಕ ಹೋಗುತ್ತಿದ್ದರಂತೆ. ಇದಕ್ಕಿಂತ ಹೆಚ್ಚು ಆ ಊರಿನ ವಿಷಯ ಅವರು ಹೇಳಿದವರಲ್ಲ, ನಾವು ಕೇಳಿದವರೂ ಅಲ್ಲ.

ನನ್ನ ನಾದಿನಿ ಕಸ್ತೂರಿಗೆ ಹತ್ತೊಂಬತ್ತು ತುಂಬಿತ್ತು. ಐವತ್ತೇಳನೆಯ ಇಸವಿಗೆ ಅದು ತಡವೇ. ಹುಡುಗಿಯಲ್ಲಿ ಕುಂದು ಹುಡುಕಿದರೂ ಸಿಗುತ್ತಿರಲಿಲ್ಲ, ಆದರೆ ಎರಡು ಸಂಬಂಧಗಳು ಬಂದು ತಪ್ಪಿಹೋಗಿದ್ದವು. ಕಡಲು ದಾಟಿ ಬಂದವನ ಮನೆ, ಅಲ್ಲಿ ಏನು ತಿಂದನೋ ಯಾರ ಜೊತೆ ಇದ್ದನೋ ಎಂದು ಅವರು ಬೇರೆ ಕಡೆ ಆಡಿಕೊಂಡದ್ದು ಸುತ್ತಿ ಬಳಸಿ ನಮ್ಮ ಕಿವಿಗೂ ಬಿತ್ತು. ತಾಯಿಯಿಲ್ಲದ ಹುಡುಗಿ. ಅವಳ ಮದುವೆ ಮಾಡುವುದು ನನ್ನ ತಲೆಯ ಮೇಲಿನ ಭಾರವೆಂದು ನಾನೇ ತಿಳಿದುಕೊಂಡಿದ್ದೆ. ನನ್ನ ಗಂಡ ಉಜ್ಜನಪ್ಪ ಒಳ್ಳೆಯವರು. ಒಳ್ಳೆಯವರಿಂದ ಇಂಥ ಕೆಲಸ ಆಗುವುದಿಲ್ಲ.

ಕರಿಬಸವರಾಜನ ಸಂಬಂಧ ಬಂದದ್ದು ನನ್ನ ತವರಿನ ಕಡೆಯಿಂದ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಪಾಳಿಯ ಕೆಲಸ, ನಮ್ಮ ತವರುಮನೆಯ ಓಣಿಯಲ್ಲೇ ಕೋಣೆ ಹಿಡಿದಿದ್ದ. ಊರು ಭಾನುವಳ್ಳಿ, ಅಪ್ಪ ವಾಮದೇವಪ್ಪನಿಗೆ ಒಂದಿಷ್ಟು ಹೊಲ, ತಾಯಿ ಕೊಟ್ರವ್ವ. ನಮ್ಮ ಜನವೇ, ಬೆಡಗು ಬೇರೆ, ನಡೆದುಕೊಳ್ಳುವುದು ಒಂದೇ ಮಠಕ್ಕೆ. ಹುಡುಗ ಕೂದಲಿಗೆ ಅಂಟಿದ ಹತ್ತಿ ಕೊಡವಿಕೊಳ್ಳುತ್ತ ಮಿಲ್ಲಿನಿಂದ ಬರುವುದನ್ನು ನಾನೇ ಕಂಡಿದ್ದೆ. ನಲ್ಲಿಯಲ್ಲಿ ಮುದುಕಿಯರಿದ್ದರೆ ಕೊಡ ಎತ್ತಿ ಕೊಡುತ್ತಿದ್ದ. ಒಮ್ಮೆ ಅವನು ಹರಿಹರದ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ಕಸ್ತೂರಿಯೂ ನನ್ನ ಜೊತೆ ಅಲ್ಲಿದ್ದಳು. ಅವಳು ಅವನನ್ನು ನೋಡಿದಳು, ಅವನು ಇವಳನ್ನು ನೋಡಿದ, ನಾನು ಇಬ್ಬರನ್ನೂ ನೋಡಿದೆ. ಕೇಳಿಕಳಿಸಿದವರು ಮಾತ್ರ ಅವರ ಕಡೆಯವರೇ. ಮಾವನವರಿಗೆ ನಾನು ದಾವಣಗೆರೆಯ ಮಿಲ್ಲಿನ ಹುಡುಗ ಎಂದಷ್ಟೇ ಹೇಳಿದ್ದೆ, ತಾಯಿತಂದೆಯ ಹೆಸರು ಅವರೂ ಕೇಳಲಿಲ್ಲ.

ಹೆಣ್ಣು ನೋಡುವುದಕ್ಕೆ ಕೊಟ್ರವ್ವ ಮಗನೊಂದಿಗೆ ಬಂದರು. ವಾಮದೇವಪ್ಪನಿಗೆ ಕಾಲುನೋವು, ಬರಲಿಲ್ಲ. ಬಸ್ ಸ್ಟ್ಯಾಂಡಿನಿಂದ ರಜಾಕನ ಟಾಂಗಾದಲ್ಲಿ ಬಂದಿಳಿದರು. ಸಣ್ಣ ಆಳು, ತಲೆ ಬೆಳ್ಳಗೆ, ಕೂತರೆ ಬೆನ್ನು ಗೋಡೆಗೆ ಆನಿಸದ ಹೆಂಗಸು. ಮಾವನವರು ಒಳಗಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಆರಾಮಿದೀರೇನ್ರಿ, ಸಾವ್ಕಾರ್ರೆ?" ಎಂದರು ಕೊಟ್ರವ್ವ.

ಮಾವನವರು ಹ್ಞೂಂ ಎಂದರು. ಅವಲಕ್ಕಿ ತಿಂದದ್ದಾಯಿತು, ಕಸ್ತೂರಿ ಬಂದು ನಮಸ್ಕಾರ ಮಾಡಿದ್ದಾಯಿತು, ಹುಡುಗ ಕಿವಿ ಕೆಂಪಗೆ ಮಾಡಿಕೊಂಡು ಒಪ್ಪಿದ್ದೂ ಆಯಿತು. ನಾನು ಮನಸ್ಸಿನಲ್ಲೇ ಶ್ರಾವಣ ಕಳೆದ ಮೇಲಿನ ಮುಹೂರ್ತ ಎಣಿಸುತ್ತಿದ್ದೆ. ಬಂದವರು ಹೊರಟುನಿಂತಾಗ ಮಾವನವರು ಗೋಡೆ ನೋಡಿಕೊಂಡು ಹೇಳಿದರು:

"ಈ ಸಂಬಂಧ ಆಗಂಗಿಲ್ಲ."

ಯಾಕೆ ಎಂದು ನನ್ನ ಗಂಡ ಕೇಳಿದರು. ಕೊಟ್ರವ್ವ ಮಾತ್ರ ಕೇಳಲಿಲ್ಲ. ಮಾವನವರ ಮುಖವನ್ನು ಒಂದು ಗಳಿಗೆ ನೋಡಿ, ಸೆರಗು ಹೊದ್ದುಕೊಂಡು ಟಾಂಗಾ ಹತ್ತಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ.

ಊರಿನ ಬಾಯಿಗೆ ಕದವೂ ಇಲ್ಲ, ಚಿಲಕವೂ ಇಲ್ಲ. ಪಕ್ಕದ ಮನೆಯ ಮರುಳಸಿದ್ದಮ್ಮ ಮಜ್ಜಿಗೆಗೆಂದು ಬಂದು ಎಲ್ಲ ಕೆದಕಿ ಹೋದಳು. ವಾರದೊಳಗೆ ಸುದ್ದಿ ಹೊಳೆಯ ಮೆಟ್ಟಿಲಿಗೆ ಹೋಯಿತು. ಗಂಡಿನವರು ಒಪ್ಪಿದ ಮೇಲೆ ಹೆಣ್ಣಿನ ಅಪ್ಪನೇ ಬೇಡ ಅನ್ನಬೇಕಾದರೆ ಹೆಣ್ಣಿನಲ್ಲೇ ಏನೋ ಇರಬೇಕು, ಮುಂದೆ ಗೊತ್ತಾಗಿ ಮಾನ ಹೋಗುವುದಕ್ಕಿಂತ ಮೊದಲೇ ಬೇಡ ಅಂದಿದ್ದಾರೆ, ಎಂದರು. ಮೂರ್ಛೆರೋಗ ಎಂದರು ಕೆಲವರು. ಕಸ್ತೂರಿ ಬಟ್ಟೆ ಒಗೆಯಲು ಹೊಳೆಗೆ ಹೋಗುವುದು ಬಿಟ್ಟಳು. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ನನಗೆ ಹೇಳಿದಳು:

"ವೈನಿ, ಇದೂ ತಪ್ಪಿದ್ರೆ ಇನ್ನು ಯಾರನ್ನೂ ಕರೆಸಬ್ಯಾಡ್ರಿ. ಬಂದು ನೋಡಿ ಹೋಗೋರ ಮುಂದೆ ಕೂತು ಕೂತು ಸಾಕಾಗೈತೆ."

ಅವತ್ತು ಮಾವನವರು ಊಟಕ್ಕೆ ಕೂತಾಗ ರೊಟ್ಟಿ ಬಡಿಸಿ, ಪಲ್ಯ ಬಡಿಸದೆ ಸೌಟು ಹಿಡಿದು ನಿಂತೆ. ಸೌಟು ಕೈಯಲ್ಲಿದ್ದಾಗ ಸೊಸೆಗೂ ಒಂದಿಷ್ಟು ಅಧಿಕಾರ ಇರುತ್ತದೆ. ಹುಡುಗನಲ್ಲಿ ಐಬು ಇದ್ದರೆ ಹೇಳಿ, ನಾನೇ ಊರಿಗೆಲ್ಲ ಸಾರುತ್ತೇನೆ. ನಿಮ್ಮ ಮಗಳ ಹೆಸರು ಯಾಕೆ ಬೀದಿಗೆ ಬೀಳಬೇಕು ಎಂದೆ. ಮಾವನವರು ಒಣರೊಟ್ಟಿ ಮುರಿಯುತ್ತ ಹೇಳಿದರು.

ಆ ಹಡಗಿನಲ್ಲಿ ಕೊಟ್ರವ್ವನೂ ಇದ್ದಳಂತೆ. ಆನಗೋಡಿನ ಕಡೆಯ ಹುಡುಗಿ, ಮಲತಾಯಿಯ ಕಾಟ ತಾಳದೆ ಮನೆ ಬಿಟ್ಟು, ಇವರ ಹಾಗೆಯೇ ಕೂಲಿ ಹಿಡಿಯುವವನ ಕೈಗೆ ಬಿದ್ದವಳು. ಹದಿನಾರು ವರ್ಷ. ಹಡಗಿನಲ್ಲಿ ತಮಿಳರು, ತೆಲುಗರು ನೂರಾರು ಜನ. ಕನ್ನಡ ಆಡುವವರು ಇವರಿಬ್ಬರೇ. ಒಂಟಿ ಹೆಂಗಸರ ಮೇಲೆ ಖಲಾಸಿಗಳ ಕಣ್ಣು. ಮಾವನವರು ಹೆಂಗಸರು ಮಲಗುವ ಕಡೆಗೆ ಇಳಿಯುವ ಏಣಿಯ ಬುಡದಲ್ಲಿ ಹಾಸಿಕೊಂಡು ಮಲಗುತ್ತಿದ್ದರು. ಯಾರಾದರೂ ಕೇಳಿದರೆ, ನನ್ನ ತಂಗಿ ಒಳಗಿದ್ದಾಳೆ ಎನ್ನುತ್ತಿದ್ದರು.

ದ್ವೀಪಕ್ಕೆ ಇಳಿದ ಮೇಲೆ ಅದಕ್ಕೊಂದು ಹೆಸರೂ ಸಿಕ್ಕಿತು. ಒಂದೇ ಹಡಗಿನಲ್ಲಿ ಬಂದವರನ್ನು ಅಲ್ಲಿ ಜಹಾಜಿ ಎನ್ನುತ್ತಾರೆ. ಜಹಾಜಿ ಎಂದರೆ ಒಡಹುಟ್ಟಿದವರಿಗೆ ಸಮ. ತಾಯಿ, ತಂದೆ, ಊರು, ಕೇರಿ ಎಲ್ಲ ಬಿಟ್ಟುಬಂದವರಿಗೆ ಅಲ್ಲಿ ಇದ್ದ ನಂಟು ಅದೊಂದೇ. ಒಬ್ಬನ ಮನೆಯ ಸಾವಿಗೆ ಇನ್ನೊಬ್ಬ ಹೆಗಲು ಕೊಡಬೇಕು. ಒಬ್ಬನ ಮಕ್ಕಳನ್ನು ಇನ್ನೊಬ್ಬನ ಮಕ್ಕಳಿಗೆ ತರುವಂತಿಲ್ಲ, ಅವರು ಅಣ್ಣತಂಗಿಯರು. ವಾಮದೇವಪ್ಪ ಮೊದಲೇ ಬೇರೆ ಹಡಗಿನಲ್ಲಿ ಬಂದವನು, ಪಕ್ಕದ ತೋಟದವನು. ಆದ್ದರಿಂದ ಕೊಟ್ರವ್ವನನ್ನು ಅವನಿಗೆ ಕೊಡಲು ಅಡ್ಡಿಯಾಗಲಿಲ್ಲ. ಅಣ್ಣನ ಸ್ಥಾನದಲ್ಲಿ ನಿಂತು ಧಾರೆ ಎರೆದವರು ನಮ್ಮ ಮಾವನವರೇ. ಊರಿಗೆ ಮರಳಿದ್ದೂ ಮೂವರು ಒಂದೇ ಹಡಗಿನಲ್ಲಿ.

"ಈಗ ಹೇಳವ್ವ, ತಂಗಿ ಮಗನಿಗೆ ಮಗಳನ್ನ ಹೆಂಗೆ ಕೊಡ್ಲಿ?" ಎಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಡೀ ಹರಿಹರದಲ್ಲಿ, ದಾವಣಗೆರೆಯಲ್ಲಿ, ಇನ್ನೂ ಆಚೆಗೆ ಯಾರನ್ನಾದರೂ ಈ ಪ್ರಶ್ನೆ ಕೇಳಿದರೆ ಹುಚ್ಚು ಹಿಡಿದಿದೆಯೇ ಎನ್ನುತ್ತಾರೆ. ಅಣ್ಣತಮ್ಮಂದಿರ ಮಕ್ಕಳಾದರೆ ಕೂಡದು, ಸರಿ. ಅಣ್ಣನ ಮಗಳು, ತಂಗಿಯ ಮಗ ಎಂದರೆ ಹೇಳಿಮಾಡಿಸಿದ ವರಸೆ. ಸೋದರತ್ತೆಯ ಮಗನನ್ನು ಬಿಟ್ಟು ಹೊರಗೆ ಕೊಡುವುದಕ್ಕೇ ನಮ್ಮಲ್ಲಿ ಕಾರಣ ಹೇಳಬೇಕು.

"ತಂಗಿ ಮಗ ಅಂದ್ರೆ ಸೋದರಳಿಯ ಆದ್ನಲ್ರಿ, ಮಾವ. ಕೊಡಬಾರದು ಅನ್ನಾಕ ಅಲ್ಲ, ಕೊಡ್ಲೇಬೇಕು ಅನ್ನಾಕ ಇದು ಕಾರಣ" ಎಂದೆ.

ಅದು ತನಗೂ ಗೊತ್ತು ಎಂದರು. ಇಲ್ಲಿ ಹುಟ್ಟಿದ ತಂಗಿಯಾಗಿದ್ದರೆ ಇಲ್ಲಿಯ ವರಸೆ. ಈ ನಂಟು ಹುಟ್ಟಿದ್ದು ಹಡಗಿನಲ್ಲಿ, ಬೆಳೆದದ್ದು ಬಿಹಾರದವರ ನಡುವೆ. ಅವರಲ್ಲಿ ತಂಗಿಯ ಮಕ್ಕಳೂ ಸ್ವಂತ ಮಕ್ಕಳ ಹಾಗೆ. ನಂಟು ಅಲ್ಲಿಯದಾದರೆ ಕಟ್ಟಳೆಯೂ ಅಲ್ಲಿಯದೇ. ಆಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ಆ ತೋಟದಲ್ಲಿ ಒಂದೇ ಹಡಗಿನಲ್ಲಿ ಬಂದ ಇಬ್ಬರು ಹಿರಿಯರಿದ್ದರು. ಒಬ್ಬನ ಮಗ, ಇನ್ನೊಬ್ಬನ ಮಗಳು ಮದುವೆಯಾಗುತ್ತೇವೆಂದು ಹಟ ಹಿಡಿದರು. ಪಂಚಾಯಿತಿ ಕೂತಿತು. ಕೂತವರಲ್ಲಿ ಆಗಲಿ ಎಂದವರೆಷ್ಟೋ ಬೇಡ ಎಂದವರೂ ಅಷ್ಟೇ. ಯಾರ ಕಡೆಗೂ ಸೇರದ ಮದರಾಸಿನ ಕಡೆಯವನು ನೀನು ಹೇಳು ಎಂದು ಮಾವನವರ ಬಾಯಿ ನೋಡಿದರು. ಇವರು ಬೇಡ ಎಂದರು. ಹುಡುಗಿಯನ್ನು ದೂರದ ತೋಟದ, ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟು ಕಳಿಸಿದರು. ಗಾಡಿ ಹತ್ತುವಾಗ ಅವಳು ಅಪ್ಪನನ್ನು ನೋಡದೆ ಇವರನ್ನು ನೋಡಿದಳಂತೆ.

"ಅಲ್ಲಿ ಇನ್ನೊಬ್ಬರ ಮಗಳಿಗೆ ಬ್ಯಾಡ ಅಂದೋನು, ಇಲ್ಲಿ ನನ್ನ ಮಗಳಿಗೆ ಆಗಲಿ ಅಂತ ಯಾವ ಬಾಯಾಗ ಅನ್ಲಿ?"

ನಾನು ಪಲ್ಯ ಬಡಿಸಿದೆ. ಸಿಟ್ಟು ಹೋಗಿರಲಿಲ್ಲ. ಯಾವುದೋ ಕಡಲಾಚೆಯ ಕಟ್ಟಳೆಗೆ ಹರಿಹರದ ಹುಡುಗಿ ದಂಡ ತೆರಬೇಕೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆದರೆ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂಬುದಂತೂ ಕಾಣುತ್ತಿತ್ತು. ಸುಳ್ಳನ ಜೊತೆ ಜಗಳ ಸುಲಭ, ನಿಯತ್ತಿನವನ ಜೊತೆ ಕಷ್ಟ.

ಬೇಡವೆಂದ ಕಾರಣ ಗಂಡಿನವರಿಗಾದರೂ ತಿಳಿಯಬೇಕು ಎಂದು ಮರುದಿನ ಭಾನುವಳ್ಳಿಯ ಬಸ್ಸು ಹತ್ತಿದೆ. ಕೊಟ್ರವ್ವ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಮೊದಲು ನಕ್ಕರು. ಇದು ಅಣ್ಣನ ಮನೆಯೆಂದೇ ತಾವು ಕೇಳಿಕಳಿಸಿದ್ದು, ಹಕ್ಕಿನ ಹೆಣ್ಣು ಎಂದೇ ಬಂದದ್ದು ಎಂದರು. ಆಮೇಲೆ, ತಂಗಿ ಎಂದರೇ ಎಂದು ಇನ್ನೊಮ್ಮೆ ಕೇಳಿದರು. ಹುಣಸೆಬೀಜಗಳನ್ನು ಮೊರಕ್ಕೆ ಸುರಿದು, ಕೈ ತೊಳೆದುಕೊಂಡು, ನಡಿಯವ್ವ ನಾನೂ ಬರುತ್ತೇನೆ ಎಂದು ನನ್ನ ಜೊತೆಗೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ.

ಮಾವನವರು ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದರು. ಕೊಟ್ರವ್ವನನ್ನು ಕಂಡು ಎದ್ದು ಕೂತರು. ಕೂಡ್ರಿ ಎಂದು ನಾನು ಚಾಪೆ ಹಾಸಿದೆ. ಅವರು ಕೂಡಲಿಲ್ಲ.

"ತಂಗಿ ಅಂತ ಈಗ ನೆನಪಾತೇನ್ರಿ, ಸಾವ್ಕಾರ್ರೆ?" ಎಂದರು. "ಆನಗೋಡಿನಾಗ ನನ್ನ ತವರಿನೋರು ಬಾಗಿಲು ಹಾಕ್ಕೊಂಡಾಗ ನೀವು ನನ್ನ ಹಿಂದೇ ನಿಂತಿದ್ರಿ. ಕಡಲು ದಾಟಿದ್ದಕ್ಕ ಮಠದಾಗ ನಿಮಗೆ ಹೊಸದಾಗಿ ಲಿಂಗ ಕಟ್ಟುವಾಗ, ಅಲ್ಲಿ ನಿನ್ನವರು ಅಂತ ಯಾರಿದ್ರು ಅಂತ ಕೇಳಿದ್ರಂತೆ. ಯಾರೂ ಇಲ್ಲ ಅಂದ್ರಂತೆ. ಹೌದೋ ಅಲ್ಲೋ?"

ಮಾವನವರು ಹೌದು ಎಂದರು.

"ಸಂತ್ಯಾಗ ಎದುರಿಗೆ ಬಂದ್ರೆ ತಲಿ ತಗ್ಗಿಸಿ ಹೋದ್ರಿ. ಹೋಗ್ಲಿ, ಅಣ್ಣನಿಗೆ ಅವನ ಮನಿ ಬಾಗಿಲು ತೆರೀತಲ್ಲ ಅಂತ ಸುಮ್ನಿದ್ದೆ. ಕೊಡೋದಿದ್ದಾಗ ತಂಗಿ ಅಲ್ಲ, ಬ್ಯಾಡ ಅನ್ನೋದಿದ್ದಾಗ ತಂಗಿ. ಇದು ಯಾವ ಹಡಗಿನ ಕಟ್ಟಳಿ?"

ನಾನು ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದೆ, ಕೊಡುವುದಕ್ಕೂ ಕೈ ಬರಲಿಲ್ಲ. ಕೊಟ್ರವ್ವನ ದನಿ ಏರಿರಲಿಲ್ಲ, ಲೆಕ್ಕ ಒಪ್ಪಿಸುವವರ ಹಾಗೆ ಹೇಳುತ್ತಿದ್ದರು.

"ತಂಗಿ ಅನ್ನೋದು ನಿಜ ಆಗಿದ್ರೆ ಪಂಚಮಿಗೆ ಕರಿಯಾಕ ಬರ್ರಿ, ಅಣ್ಣಂದಿರು ಬಂದಂಗೆ. ಬಂದು ಕರದ್ರೆ ನಾನು ಹೆಣ್ಣಿನ ಮಾತು ಎತ್ತಂಗಿಲ್ಲ, ನಿಮ್ಮ ಕಟ್ಟಳಿ ನಿಮಗೇ ಇರ್ಲಿ. ಬರಲಿಲ್ಲ ಅಂದ್ರೆ ನಾನು ನಿಮ್ಮ ತಂಗಿ ಅಲ್ಲ, ನಿಮ್ಮ ಮಗಳನ್ನ ಕೊಡಾಕ ಅಡ್ಡೀನೂ ಇಲ್ಲ."

ಮಜ್ಜಿಗೆ ಕುಡಿಯದೆ ಹೋದರು. ನಾನು ಆ ಮಾತನ್ನು ಮನಸ್ಸಿನಲ್ಲೇ ತಿರುವಿ ತಿರುವಿ ನೋಡಿದೆ. ಮಾವನವರು ಸುಮ್ಮನೆ ಮನೆಯಲ್ಲಿ ಕೂತರೆ ಸಾಕು, ನಮ್ಮ ಕಸ್ತೂರಿಯ ಮದುವೆ ಆಗುತ್ತದೆ. ಎದ್ದು ಹೋದರೆ ಮುಗಿಯಿತು. ದೇವರಿಗೆ ಕೈಮುಗಿದು ನಾನು ಬೇಡಿಕೊಂಡದ್ದು, ಪಂಚಮಿ ಕಳೆಯುವ ತನಕ ಮಾವನವರ ಬೆನ್ನುನೋವು ಹೆಚ್ಚಾಗಲಿ ಎಂದು. ಹಾಗೆ ಬೇಡಿಕೊಂಡಾಗಲೇ ಕೊಟ್ರವ್ವನ ಮುಖ ಕಣ್ಣಿಗೆ ಬಂತು. ಶ್ರಾವಣದಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟುನಿಂತಾಗ, ಕರೆಯಲು ಯಾರೂ ಬಾರದ ಮನೆಯ ಕಟ್ಟೆಯ ಮೇಲೆ ಆಕೆ ಎಷ್ಟು ಪಂಚಮಿ ಕಳೆದಿರಬಹುದು. ನನ್ನಣ್ಣ ಒಂದು ವರ್ಷ ಎರಡು ದಿನ ತಡವಾಗಿ ಬಂದದ್ದಕ್ಕೆ ನಾನು ಅತ್ತು ರಂಪ ಮಾಡಿದವಳು. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಶ್ರಾವಣ ಬಂತು. ನಾನು ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಕಟ್ಟಿದೆ. ಓಣಿಯ ಬೇವಿನ ಮರಕ್ಕೆ ಜೋಕಾಲಿ ಬಿತ್ತು. ಮಾವನವರು ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಕರೆಯಲು ಹೋಗುವಾಗ ತಂಗಿಯ ಮನೆಗೆ ಏನೇನು ಒಯ್ಯಬೇಕು ಎಂದು ಕೇಳಿದರು. ಅವರಿಗೆ ಒಡಹುಟ್ಟಿದ ಹೆಣ್ಣುಮಕ್ಕಳಿರಲಿಲ್ಲ, ಪಾಪ, ಗೊತ್ತಿರಲಿಲ್ಲ. ನಾನು ಕಸ್ತೂರಿಯ ಕಡೆ ನೋಡಿದೆ. ಅವಳೇ ಎದ್ದು ಬುಟ್ಟಿಗೆ ಉಂಡೆ ಜೋಡಿಸಿ, ಕೊಬ್ಬರಿ ಇಟ್ಟು, ಬಟ್ಟೆ ಮುಚ್ಚಿ ಅಪ್ಪನ ಕೈಗೆ ಕೊಟ್ಟಳು. ತನ್ನ ಬಾಳನ್ನೇ ಬುಟ್ಟಿಯಲ್ಲಿ ಕಟ್ಟಿಕೊಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

"ಹೋಗಿ ಬರ್ರಿ, ಅಪ್ಪ. ಬಸ್ಸಿಗೆ ಹೊತ್ತಾಗ್ತೈತೆ" ಎಂದಳು.

ಸಂಜೆ ರಜಾಕನ ಟಾಂಗಾ ಪೇಟೆಯ ನಡುವೆಯೇ ಬಂತು. ಹಿಂದಿನ ಸೀಟಿನಲ್ಲಿ ಮಾವನವರು, ಪಕ್ಕದಲ್ಲಿ ಕೊಟ್ರವ್ವ. ಅಂಗಡಿಯವರು ಎದ್ದು ನಿಂತು ಯಾರೆಂದು ಕೇಳಿದರೆ, ಪ್ರತಿ ಅಂಗಡಿಯ ಮುಂದೂ ಮಾವನವರು ನನ್ನ ತಂಗಿ, ನನ್ನ ಜೊತೆ ಹಡಗಿನಲ್ಲಿ ಬಂದವಳು ಎಂದು ಹೇಳಿದರೆಂದು ಆ ಮೇಲೆ ರಜಾಕ್ ಹೇಳಿದ. ಅದೂ ಕೇಳದವರಿಗೂ ಹೇಳಿದರಂತೆ. ಮರುಳಸಿದ್ದಮ್ಮ ಅಂಗಳ ಗುಡಿಸುವ ನೆವದಲ್ಲಿ ನಿಂತಿದ್ದವಳು ಕಸಬರಿಗೆ ಕೆಳಗಿಟ್ಟು ಗಲ್ಲಕ್ಕೆ ಕೈಹಚ್ಚಿದಳು. ತಂಗಿಯೇ? ಹಾಗಾದರೆ ಹುಡುಗ ಸೋದರಳಿಯನಾದ. ಅತ್ತೆಯ ಮನೆಗೇ ಹೋಗುವ ಹುಡುಗಿಗೆ ಹೆಣ್ಣು ನೋಡುವ ಶಾಸ್ತ್ರ ಯಾಕೆಂದು ಮುದುಕ ಬೇಡ ಅಂದಿರಬೇಕು, ನಮ್ಮ ಜನಕ್ಕೆ ತಾಳ್ಮೆಯಿಲ್ಲ, ಎಂದಳು. ಮೂರ್ಛೆರೋಗ ಎಂದವಳೂ ಇವಳೇ. ಕತ್ತಲಾಗುವಷ್ಟರಲ್ಲಿ ಮದುವೆಯ ತಿಂಗಳನ್ನೂ ಓಣಿಯವರೇ ಗೊತ್ತು ಮಾಡಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ.

ಪಂಚಮಿಯ ದಿನ ಕೊಟ್ರವ್ವ ಹಾಲೆರೆದರು. ಮಧ್ಯಾಹ್ನ ಅಣ್ಣತಂಗಿ ಇಬ್ಬರೂ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಬೇಳೆರೊಟ್ಟಿ ಮಾಡಿದರು. ಅವರು ಲಟ್ಟಿಸುವುದು, ಇವರು ಬೇಯಿಸುವುದು, ನಡುವೆ ನಮಗೆ ತಿಳಿಯದ ಒಂದು ಮಾತು, ಒಂದು ನಗೆ. ಮಾವನವರಿಗೆ ಹಾಗೆ ನಗಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿ, ತಮ್ಮ ಮದುವೆಗೆ ಮುಂಚೆ, ಭಾನುವಾರ ಕೂಲಿಗೆ ರಜೆಯಿದ್ದಾಗ ಇಬ್ಬರೂ ನೀರಿನ ನಲ್ಲಿಯ ಹತ್ತಿರ ಕೂತು ಕನ್ನಡದಲ್ಲಿ ವಸ್ತುಗಳ ಹೆಸರು ಹೇಳಿಕೊಳ್ಳುತ್ತಿದ್ದರೆಂದು ಕೊಟ್ರವ್ವ ಕಸ್ತೂರಿಗೆ ಹೇಳಿದರು. ಮೊರ, ಒನಕೆ, ಒರಳು, ನೊಗ, ಕಣಜ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಬೇಕು. ಒಮ್ಮೆ ಬಣವೆ ಎಂಬ ಮಾತು ಇಬ್ಬರಿಗೂ ಮರೆತುಹೋಗಿ, ವಾರವೆಲ್ಲ ಕಬ್ಬು ಕಡಿಯುತ್ತ ಅದನ್ನೇ ಹುಡುಕಿದರಂತೆ. ಶನಿವಾರ ಮಾವನವರಿಗೆ ಹೊಳೆದು, ತಂಗಿಯ ಮನೆಯ ತನಕ ಓಡಿಬಂದು ಬಾಗಿಲು ಬಡಿದು ಹೇಳಿದರಂತೆ.

ಅಷ್ಟು ಆದವರು ಈ ಸೀಮೆಯಲ್ಲಿ, ಎಲ್ಲರೂ ಕನ್ನಡವನ್ನೇ ಆಡುವ ಸೀಮೆಯಲ್ಲಿ, ಮೂವತ್ತು ವರ್ಷ ಒಂದು ಮಾತೂ ಆಡಿರಲಿಲ್ಲ. ಮಾವನವರು ರೊಟ್ಟಿಯ ಚೂರು ಕೈಯಲ್ಲಿ ಹಿಡಿದು ತಿನ್ನದೆ ಕೂತಿದ್ದರು.

ಊಟವಾದ ಮೇಲೆ ಹಿತ್ತಲಿನಲ್ಲಿ ಕೊಟ್ರವ್ವ ಅವರಿಗೆ ಒಂದು ಮಾತು ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಪಾತ್ರೆ ತೊಳೆಯುತ್ತಿದ್ದೆ. ಕೇಳಬೇಕೆಂದೇ ನಿಧಾನ ತೊಳೆಯುತ್ತಿದ್ದೆ ಎನ್ನಿ. ಪಂಚಾಯಿತಿಯ ಆ ಹುಡುಗಿಯ ಮಾತು ಬಂದಿತ್ತು.

"ಅಣ್ಣ, ತಂಗಿ ಅಂತ ನೀನು ಅಂದಿದ್ದು ನಾನು ಹೆದರಿಕಿ ಇಲ್ದಂಗೆ ಮಲಗಲಿ ಅಂತ. ಆ ಕಟ್ಟಳಿ ಹುಟ್ಟಿದ್ದು ಅದಕ್ಕ. ಆ ಹುಡುಗಿ ನನ್ನ ಹತ್ರ ಬಂದು ಅತ್ತಾಗ ನನಗೆ ಅದು ತಿಳೀತು. ಗಂಡಸರು ಕೂತ ಪಂಚಾಯ್ತಿಯಾಗ ನನ್ನ ಯಾರೂ ಕೇಳಲಿಲ್ಲ. ನಾನು ಮಾತು ಕೊಟ್ಟೀನಿ, ಇನ್ನು ಹೆಣ್ಣು ಕೇಳಂಗಿಲ್ಲ. ಇದನ್ನ ಹೇಳ್ದೆ ಸಾಯಬಾರದು ಅಂತ ಹೇಳ್ದೆ."

ಮರುದಿನ ಅವರು ಹೊರಟರು. ತವರಿನಿಂದ ಹೋಗುವ ಹೆಣ್ಣುಮಗಳಿಗೆ ಉಡಿ ತುಂಬಬೇಕು. ಮಾವನವರು ದಾವಣಗೆರೆಯಿಂದ ಇಳಕಲ್ ಸೀರೆ ತರಿಸಿಟ್ಟಿದ್ದರು, ಯಾವಾಗಲೋ, ನನಗೂ ಹೇಳದೆ. ಕೊಟ್ರವ್ವ ಅದನ್ನು ಉಟ್ಟು ಮಣೆಯ ಮೇಲೆ ಕೂತು ಸೆರಗು ಒಡ್ಡಿದರು. ಉಡಿ ತುಂಬುವುದು ಹೆಂಗಸರ ಕೆಲಸ. ಆದರೆ ಮಾವನವರು ನನ್ನ ಕೈಯಿಂದ ಮೊರ ತೆಗೆದುಕೊಂಡು ತಾವೇ ಅಕ್ಕಿ ಹಾಕಿದರು, ತೆಂಗಿನಕಾಯಿ ಇಟ್ಟರು, ಕೊಬ್ಬರಿ, ಅಡಿಕೆ, ಎಲೆ, ಬೆಲ್ಲದ ಅಚ್ಚು. ಮರುಳಸಿದ್ದಮ್ಮನಾದಿಯಾಗಿ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ತಂಗಿ ಈಗ ಉಡಿ ಒಡ್ಡಿ ಅಣ್ಣನ ಮಗಳನ್ನು ಕೇಳುತ್ತಾಳೆ ಎಂದು ಎಲ್ಲರೂ ಕಾದರು. ನಾನೂ ಕಾದೆ. ಕಸ್ತೂರಿ ಕಂಬದ ಹಿಂದೆ ಇದ್ದಳು.

ಕೊಟ್ರವ್ವ ಕೇಳಲಿಲ್ಲ. ಮಾತು ಮಾತೇ. ಸೆರಗಿನ ತುದಿಗಳನ್ನು ಕೂಡಿಸಿ ಗಂಟು ಹಾಕತೊಡಗಿದರು.

"ಬರ್ತೀನಣ್ಣ" ಎಂದರು.

"ತಡಿ, ಕಟ್ಟಬ್ಯಾಡ" ಎಂದರು ಮಾವನವರು.

ಮೊರ ಕೆಳಗಿಟ್ಟು ಅವರು ನಿಂತೇ ಇದ್ದರು. ಅಷ್ಟು ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಲ್ಲಿ ಒಂದು ಹುಡುಗಿ ಬಾಳು ನನ್ನ ಬಾಯಿಂದ ಕೆಡ್ತು. ಅದನ್ನ ಸರಿ ಮಾಡಾಕ ನನ್ನ ಕೈಲಿ ಆಗಂಗಿಲ್ಲ. ಅದು ಸರಿ ಅಂತ ತೋರ್ಸಾಕ ಹೋಗಿ ಇನ್ನೊಂದು ಕೆಡಸೋದು ಬ್ಯಾಡ." ಆಮೇಲೆ ಕಂಬದ ಕಡೆ ತಿರುಗಿ ಕಸ್ತೂರಿಯನ್ನು ಕರೆದರು. ಅವಳು ಬಂದಳು. ಅವಳ ಕೈ ಹಿಡಿದು ತಂಗಿಯ ಮುಂದೆ ಕೂರಿಸಿದರು.

"ಕೊಟ್ರವ್ವ, ಉಡಿಯಾಗ ಇನ್ನೂ ಜಾಗ ಐತೇನು?"

ಆನಗೋಡಿನ ಬಾಗಿಲ ಮುಂದೆಯೂ ಅಳಲಿಲ್ಲವಂತೆ ಆ ಹೆಂಗಸು. ಈಗ ಅಕ್ಕಿ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅತ್ತರು. ಕಣ್ಣು ಒರೆಸಿಕೊಳ್ಳೋಣವೆಂದರೆ ಕೈ ಬಿಡುವಂತಿಲ್ಲ. ಕಸ್ತೂರಿಯೇ ತನ್ನ ಸೆರಗಿನಿಂದ ಒರೆಸಿದಳು.

"ಮೂವತ್ತು ವರ್ಷದಿಂದ ಖಾಲೀನೇ ಐತಣ್ಣ" ಎಂದರು ಕೊಟ್ರವ್ವ.

ಹೊರಗೆ ರಜಾಕ್ ಭಾನುವಳ್ಳಿಯ ಬಸ್ಸು ತಪ್ಪುತ್ತದೆ ಎಂದು ಕೂಗುತ್ತಿದ್ದ. ತಪ್ಪಿದರೆ ತಪ್ಪಲಿ, ಕುದುರೆ ಬಿಚ್ಚಿ ಬಂದು ಊಟಕ್ಕೆ ಕೂಡು ಎಂದು ನಾನೇ ಹೋಗಿ ಹೇಳಿದೆ.